ಮೊಲೆತೊಟ್ಟಿಗೂ ಮಗುವಿನ ಬಾಯಿಗೂ ಒಂದೇ ದಿನ ಮದ್ದು

"ಅಕ್ಕ, ಮಗುವಿನ ಬಾಯಲ್ಲೆಲ್ಲ ಬಿಳಿ ಬಿಳಿ. ನನಗೆ ಹಾಲು ಕೊಟ್ಟ ಮೇಲೂ ಉರಿ ನಿಲ್ಲುವುದಿಲ್ಲ" ಎಂದು ಬಾಣಂತಿ ಫೋನ್ ಮಾಡಿದರೆ ನಾನು ಮೊದಲು ಎರಡು ಮಾತು ಹೇಳುತ್ತೇನೆ. ಹಾಲು ಕೊಡುವುದನ್ನು ನಿಲ್ಲಿಸಬೇಡಿ. ಮೆಡಿಕಲ್‌ನಿಂದ ಹೆಸರು ಹೇಳಿ ಕ್ರೀಮ್ ತರಿಸಬೇಡಿ. ಉಡುಪಿ, ಮಂಗಳೂರಿನ ಬಾಣಂತಿ ಕೋಣೆಗಳಲ್ಲಿ ಹಾಲೂಡಿಸಲು ನೆರವಾಗುವುದು ನನ್ನ ಕೆಲಸ. ಥ್ರಷ್ (ಬಾಯಿಯ, ತೊಟ್ಟಿನ ಫಂಗಸ್ ಸೋಂಕು) ಎಂದು ಕೇಳಿ ಹೋದ ಮನೆಗಳಲ್ಲಿ ಎಷ್ಟೋ ಸಲ ಕಾಣುವುದು ಬೇರೆಯೇ ತೊಂದರೆ. ನಿಜವಾಗಿ ಥ್ರಷ್ ಇದ್ದ ಮನೆಗಳಲ್ಲಿ ಮದ್ದು ಸೋತಿರುವುದು ಮದ್ದಿನ ದೋಷದಿಂದಲ್ಲ, ಹಚ್ಚಿದ ಕ್ರಮದಿಂದ. ಮಗುವಿಗೆ ಮಾತ್ರ ಹಾಕಿರುತ್ತಾರೆ, ಇಲ್ಲವೇ ಮೂರನೇ ದಿನಕ್ಕೆ ಬಿಳಿ ಹೋಯಿತೆಂದು ಬಿಟ್ಟಿರುತ್ತಾರೆ.

ಥ್ರಷ್ ಎಂದರೆ ಕ್ಯಾಂಡಿಡಾ ಎಂಬ ಶಿಲೀಂಧ್ರ, ಅಂದರೆ ಫಂಗಸ್, ಮಿತಿ ಮೀರಿ ಬೆಳೆಯುವುದು. ಅದು ಹೊರಗಿನಿಂದ ಬಂದ ಶತ್ರುವೇನಲ್ಲ. ನಮ್ಮ ಬಾಯಿ, ಕರುಳು, ಯೋನಿಯಲ್ಲಿ ಹೇಗೂ ಸ್ವಲ್ಪ ಇರುತ್ತದೆ, ಉಳಿದ ಬ್ಯಾಕ್ಟೀರಿಯಾಗಳು ಅದನ್ನು ಅಂಕೆಯಲ್ಲಿ ಇಟ್ಟಿರುತ್ತವೆ. ಸಿಸೇರಿಯನ್ ಆದಾಗ ಅಥವಾ ಹೊಲಿಗೆಗೆಂದು ಆಂಟಿಬಯಾಟಿಕ್ ಕೊಟ್ಟಾಗ ಆ ಬ್ಯಾಕ್ಟೀರಿಯಾಗಳೂ ಸಾಯುತ್ತವೆ, ಇದಕ್ಕೆ ಜಾಗ ಸಿಗುತ್ತದೆ. ಬಸಿರಿನಲ್ಲಿ ಸಕ್ಕರೆ ಕಾಯಿಲೆ ಇದ್ದವರಿಗೆ, ಹೆರಿಗೆಗೆ ಮುಂಚೆ ಬಿಳಿ ಹೋಗುವುದು, ತುರಿಕೆ ಇದ್ದವರಿಗೆ, ರಕ್ತಹೀನತೆ ಇದ್ದವರಿಗೆ ಸಾಧ್ಯತೆ ಹೆಚ್ಚು. ತೊಟ್ಟಿನಲ್ಲಿ ಬಿರುಕು ಇದ್ದರೆ ಅಲ್ಲೇ ಬೇರೂರುತ್ತದೆ. ಇದಕ್ಕೆಲ್ಲ ನಮ್ಮ ಕರಾವಳಿಯ ಸೆಖೆ ಸೇರುತ್ತದೆ. ಬೆಚ್ಚಗಿನ, ಒದ್ದೆಯಾದ, ಗಾಳಿಯಾಡದ ಜಾಗ ಕ್ಯಾಂಡಿಡಾಕ್ಕೆ ಬಲು ಇಷ್ಟ. ಹಾಲು ಸೋರಿ ಚಂಡಿಯಾದ ಬ್ರಾ, ಕಿಟಕಿ ಮುಚ್ಚಿದ ಬಾಣಂತಿ ಕೋಣೆ, ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಎಷ್ಟು ದಿನ ಹರವಿದರೂ ಒಣಗದ ವಸ್ತ್ರ, ಎಲ್ಲವೂ ಅದಕ್ಕೆ ಅನುಕೂಲ.

ಮಗುವಿನ ಬಾಯಿಯನ್ನು ಹಾಲು ಕುಡಿದ ಕೂಡಲೇ ನೋಡಬಾರದು. ಒಂದು ಗಂಟೆಯಾದರೂ ಕಳೆಯಲಿ. ಕೈಯನ್ನು ಸೋಪು ಹಾಕಿ ತೊಳೆದು, ಕಿಟಕಿಯ ಬೆಳಕಿನಲ್ಲಿ ಅಥವಾ ಮೊಬೈಲ್ ಟಾರ್ಚನ್ನು ಕಣ್ಣಿಗೆ ಬೀಳದಂತೆ ಓರೆಯಾಗಿ ಹಿಡಿದು, ಕೆಳತುಟಿಯನ್ನು ಮೆಲ್ಲಗೆ ಮಡಚಿ ಒಳಗೆ ನೋಡುತ್ತೇನೆ. ಆಮೇಲೆ ಎರಡೂ ಕೆನ್ನೆಯ ಒಳಭಾಗ, ವಸಡು, ಅಂಗುಳ, ಕೊನೆಗೆ ನಾಲಗೆ. ನಾಲಗೆಯ ಮೇಲೆ ಮಾತ್ರ ತೆಳ್ಳಗೆ ಸಮನಾಗಿ ಬಿಳಿ ಇದ್ದು, ಬೇರೆಲ್ಲೂ ಇಲ್ಲವಾದರೆ ಅದು ಹೆಚ್ಚಾಗಿ ಹಾಲಿನ ಪದರ. ಶುದ್ಧವಾದ ಒದ್ದೆ ಹತ್ತಿ ಬಟ್ಟೆಯನ್ನು ಬೆರಳಿಗೆ ಸುತ್ತಿ ಒಮ್ಮೆ ಹಗುರವಾಗಿ ಸವರಿದರೆ ಹೋಗುತ್ತದೆ. ಥ್ರಷ್ ಹಾಗಲ್ಲ. ಕೆನ್ನೆಯ ಒಳಗೆ, ತುಟಿಯ ಹಿಂದೆ ಮೊಸರಿನ ಹೆಪ್ಪು ಅಂಟಿದಂತೆ ಅಲ್ಲಲ್ಲಿ ತೇಪೆಗಳು ಕಾಣುತ್ತವೆ, ಸವರಿದರೆ ಬರುವುದಿಲ್ಲ. ಬಲವಂತವಾಗಿ ಕಿತ್ತರೆ ಅಡಿಯಲ್ಲಿ ಕೆಂಪಗೆ ಹಸಿಯಾಗಿ, ಕೆಲವೊಮ್ಮೆ ರಕ್ತ ಜಿನುಗುತ್ತದೆ. ಒಮ್ಮೆ ನೋಡಿದ ಮೇಲೆ ಮತ್ತೆ ಉಜ್ಜಬೇಡಿ. ಅಜ್ಜಿಯಂದಿರು ಸ್ನಾನ ಮಾಡಿಸುವಾಗ ಬೆರಳು ಹಾಕಿ ನಾಲಗೆ ಕೆರೆಯುವುದು ಈಗಲೂ ಇದೆ. ಆ ಗೀರುಗಳೇ ಶಿಲೀಂಧ್ರಕ್ಕೆ ದಾರಿ. ಇನ್ನೊಂದು, ಹುಟ್ಟಿದ ಮಕ್ಕಳ ಅಂಗುಳದ ನಡುವೆ ಸಾಬಕ್ಕಿಯಂಥ ಪುಟ್ಟ ಬಿಳಿ ಕಾಳುಗಳು ಇರುವುದುಂಟು. ಅವು ಥ್ರಷ್ ಅಲ್ಲ, ತಾವೇ ಹೋಗುತ್ತವೆ.

ಡೈಪರ್ ಬಿಚ್ಚಿ ನೋಡುವುದನ್ನು ಮರೆಯುವುದಿಲ್ಲ. ಬಾಯಿಯಿಂದ ನುಂಗಿದ ಕ್ಯಾಂಡಿಡಾ ಕರುಳು ದಾಟಿ ಕೆಳಗೆ ಬರುತ್ತದೆ. ತೊಡೆಸಂದಿನ ಮಡಿಕೆಯ ಒಳಗೂ ದಟ್ಟ ಕೆಂಪು ಇದ್ದು, ಅಂಚಿನಾಚೆ ಚಿಕ್ಕ ಚಿಕ್ಕ ಕೆಂಪು ಚುಕ್ಕೆಗಳು ಚೆದರಿದ್ದರೆ ಅದು ಫಂಗಸ್. ಮೂತ್ರದ ಒದ್ದೆಯಿಂದ ಆದ ಸಾದಾ ಕೆಂಪು ಮಡಿಕೆಯೊಳಗನ್ನು ಹೆಚ್ಚಾಗಿ ಬಿಟ್ಟಿರುತ್ತದೆ.

ಈಗ ತಾಯಿ. ಇಲ್ಲಿ ನಾನು ಅವಸರ ಮಾಡುವುದಿಲ್ಲ, ಎಲ್ಲರೂ ಎಡವುವುದು ಇಲ್ಲೇ. ಥ್ರಷ್‌ನ ನೋವಿಗೆ ಒಂದು ಚರಿತ್ರೆ ಇರುತ್ತದೆ: ಕೆಲವು ದಿನ ಅಥವಾ ವಾರ ನೋವಿಲ್ಲದೆ ಹಾಲು ಕೊಟ್ಟ ಮೇಲೆ, ಒಮ್ಮೆಲೇ ಎರಡೂ ಕಡೆ ಶುರುವಾಗುತ್ತದೆ. ಮಗು ಬಾಯಿ ಬಿಟ್ಟ ಮೇಲೂ ಉರಿ ಮುಂದುವರಿಯುತ್ತದೆ, ರವಿಕೆ ತಾಗಿದರೂ ಸಹಿಸಲಾಗುವುದಿಲ್ಲ. ತೊಟ್ಟು ಗುಲಾಬಿಯಾಗಿ ಹೊಳೆಯಬಹುದು, ಸುತ್ತಲಿನ ಚರ್ಮ ಸಣ್ಣಗೆ ಹುಡಿಯೇಳಬಹುದು, ತುರಿಸಬಹುದು. ನಮ್ಮ ಬಣ್ಣದ ಚರ್ಮದಲ್ಲಿ ಗುಲಾಬಿ ಎದ್ದು ಕಾಣುವುದಿಲ್ಲ. ಹೊಳಪನ್ನೂ ಹುಡಿಯನ್ನೂ ಹುಡುಕಬೇಕು.

ಮೊದಲ ದಿನದಿಂದಲೇ ನೋವಿತ್ತು, ಮಗು ಬಾಯಿ ಹಾಕುವಾಗಲೇ ಜೀವ ಹೋದಂತಾಗುತ್ತದೆ, ಆಮೇಲೆ ಕಡಿಮೆಯಾಗುತ್ತದೆ ಎಂದರೆ ನಾನು ಮದ್ದಿನ ಮಾತೇ ಎತ್ತುವುದಿಲ್ಲ. ಹಾಲು ಕೊಡುವುದನ್ನು ಪೂರ್ತಿ ನೋಡುತ್ತೇನೆ. ಮಗು ಬಿಟ್ಟ ಕೂಡಲೇ ತೊಟ್ಟು ಹೊಸ ಲಿಪ್‌ಸ್ಟಿಕ್‌ನ ತುದಿಯಂತೆ ಓರೆಯಾಗಿ ಚಪ್ಪಟೆಯಾಗಿದ್ದರೆ ಮಗು ತೊಟ್ಟನ್ನಷ್ಟೇ ಹಿಡಿದಿದೆ ಎಂದರ್ಥ. ಮಗುವಿನ ಹೊಟ್ಟೆ ತಾಯಿಯ ಹೊಟ್ಟೆಗೆ ತಾಗಿರಬೇಕು, ಮೂಗು ತೊಟ್ಟಿನ ಎದುರಿಗಿರಬೇಕು, ಬಾಯಿ ಆಕಳಿಸುವಷ್ಟು ಅಗಲ ತೆರೆದಾಗ ಗಲ್ಲ ಮೊದಲು ಮೊಲೆಗೆ ತಾಗುವಂತೆ ಹತ್ತಿರ ತರಬೇಕು. ಕಪ್ಪು ಭಾಗ ಕೆಳತುಟಿಯ ಕಡೆಯಲ್ಲಿ ಹೆಚ್ಚು ಒಳಗೆ ಹೋಗಿರಬೇಕು. ಇದನ್ನು ಸರಿಮಾಡಿದ ಎರಡು ಮೂರು ದಿನಗಳಲ್ಲಿ ನೋವು ಇಳಿಯತೊಡಗಿದರೆ ಅದು ಥ್ರಷ್ ಆಗಿರಲಿಲ್ಲ. ನಾಲಗೆಯ ಅಡಿಯ ಪೊರೆ ಗಿಡ್ಡವಾಗಿ ನಾಲಗೆ ಮುಂದೆ ಬಾರದಿದ್ದರೆ ಅದನ್ನು ಮಕ್ಕಳ ಡಾಕ್ಟರಿಗೆ ತೋರಿಸಬೇಕು.

ಮಗು ಬಿಟ್ಟ ಮೇಲೆ ತೊಟ್ಟು ಬಿಳಿಚಿ, ನೀಲಿಯಾಗಿ, ಮತ್ತೆ ಕೆಂಪಾಗುತ್ತಾ ಇರಿದಂತೆ ನೋವು ಬಂದರೆ ಅದು ರಕ್ತನಾಳ ಸೆಟೆಯುವುದರಿಂದ. ಸ್ನಾನ ಮುಗಿಸಿ ಫ್ಯಾನಿನ ಕೆಳಗೆ, ಏಸಿ ಕೋಣೆಯಲ್ಲಿ ಇದು ಹೆಚ್ಚು. ಇದಕ್ಕೆ ಬಿಸಿ ಬೇಕು, ಫಂಗಸ್ ಮದ್ದಲ್ಲ: ಮಗು ಬಿಟ್ಟ ತಕ್ಷಣ ಒಣಗಿದ ಬೆಚ್ಚನೆಯ ವಸ್ತ್ರ ಒತ್ತಿಟ್ಟರೆ ಹಿತವಾಗುತ್ತದೆ. ಒಂದೇ ಮೊಲೆಯಲ್ಲಿ ಗಟ್ಟಿ, ಕೆಂಪು, ಜೊತೆಗೆ ಜ್ವರ ಇದ್ದರೆ ಅದು ಮೊಲೆಯ ಉರಿಯೂತ, ಅದೇ ದಿನ ಡಾಕ್ಟರ್ ನೋಡಬೇಕು. ಒಂದೇ ತೊಟ್ಟಿನಲ್ಲಿ ವಾರಗಟ್ಟಲೆ ಗುಣವಾಗದ ಹುಡಿ, ಹುಣ್ಣು ಇದ್ದರೂ ತೋರಿಸಲೇಬೇಕು. ಮೊಲೆಯ ಆಳದಲ್ಲಿ ಸೂಜಿ ಚುಚ್ಚಿದಂತಹ ನೋವು ಇದೆ, ತೊಟ್ಟಿನಲ್ಲೂ ಮಗುವಿನ ಬಾಯಲ್ಲೂ ಏನೂ ಇಲ್ಲ ಎಂದಾಗ 'ಹಾಲಿನ ನಾಳದೊಳಗೆ ಥ್ರಷ್' ಎಂದು ವಾರಗಟ್ಟಲೆ ಮಾತ್ರೆ ಕೊಡುವ ರೂಢಿ ಇತ್ತು. ಅಂಥ ನೋವಿಗೆ ಕ್ಯಾಂಡಿಡಾ ನಿಜವಾಗಿ ಕಾರಣವೇ ಎಂದು ಹಾಲೂಡಿಸುವಿಕೆಯ ತಜ್ಞರೇ ಈಗ ಪ್ರಶ್ನಿಸುತ್ತಿದ್ದಾರೆ. ಆದ್ದರಿಂದ ಬರಿಯ ಆಳದ ನೋವೊಂದನ್ನೇ ಹಿಡಿದು ನಾನು ಥ್ರಷ್ ಎಂದು ಹೇಳುವುದಿಲ್ಲ.

ಮಗುವಿನ ಬಾಯಲ್ಲಿ ತೇಪೆ ಖಚಿತವಾಗಿದ್ದು, ತಾಯಿಗೂ ಉರಿ ಇದ್ದರೆ ಇಬ್ಬರಿಗೂ ಅದೇ ದಿನ ಮದ್ದು ಶುರುವಾಗಬೇಕು. ಮಕ್ಕಳ ಡಾಕ್ಟರ್ ಮಗುವಿಗೆ ಬರೆದುಕೊಟ್ಟು ಕಳಿಸುತ್ತಾರೆ, ತಾಯಿಯನ್ನು ಯಾರೂ ಕೇಳುವುದಿಲ್ಲ. ಆಗ ನೀವೇ ಬಾಯಿಬಿಟ್ಟು "ನನಗೂ ಉರಿ ಇದೆ" ಎಂದು ಹೇಳಬೇಕು. ನಾಚಿಕೆಪಟ್ಟು ಸುಮ್ಮನಾದರೆ ಮಗುವಿನಿಂದ ತಾಯಿಗೆ, ತಾಯಿಯಿಂದ ಮಗುವಿಗೆ ಅದು ಓಡಾಡುತ್ತಲೇ ಇರುತ್ತದೆ.

ಮಗುವಿಗೆ ಸಾಮಾನ್ಯವಾಗಿ ನಿಸ್ಟಾಟಿನ್ ಹನಿ ಅಥವಾ ಕ್ಲೋಟ್ರಿಮಜೋಲ್ 1% ಮೌತ್ ಪೇಂಟ್ ಬರೆಯುತ್ತಾರೆ. ನಿಸ್ಟಾಟಿನ್ 1 ಮಿಲಿಲೀಟರ್‌ನಲ್ಲಿ 1 ಲಕ್ಷ ಯೂನಿಟ್ ಇರುತ್ತದೆ. ದಿನಕ್ಕೆ ನಾಲ್ಕು ಸಲ 1 ಮಿಲಿಲೀಟರ್ ಎಂಬುದು ಸಾಮಾನ್ಯ ಅಳತೆ, ಮಗುವನ್ನು ನೋಡಿ ಡಾಕ್ಟರ್ ಹೆಚ್ಚಿಸಬಹುದು. ಈ ಮದ್ದು ಕರುಳಿನಿಂದ ರಕ್ತಕ್ಕೆ ಹೋಗುವುದಿಲ್ಲ ಎನ್ನುವಷ್ಟು ಕಡಿಮೆ, ತಾಗಿದಲ್ಲಿ ಮಾತ್ರ ಕೆಲಸ ಮಾಡುತ್ತದೆ. ಹಾಗಾಗಿ ನಾಲಗೆಯ ಮೇಲೆ ಸುರಿದು ನುಂಗಿಸಿದರೆ ಪ್ರಯೋಜನ ತೀರಾ ಕಡಿಮೆ. ನಾನು ಹೇಳಿಕೊಡುವುದು ಹೀಗೆ: ಬಾಟಲಿಯನ್ನು ಚೆನ್ನಾಗಿ ಕುಲುಕಿ, ಏಕೆಂದರೆ ಮದ್ದು ತಳ ಸೇರಿರುತ್ತದೆ. 1 ಮಿಲಿಲೀಟರನ್ನು ಕುದಿಸಿದ ಚಿಕ್ಕ ಸ್ಟೀಲ್ ಬಟ್ಟಲಿಗೆ ಹಾಕಿ. ಮಗುವಿನ ಬಾಯಿಗೆ ತಾಗಿದ ಡ್ರಾಪರ್ ಮತ್ತೆ ಬಾಟಲಿಯೊಳಗೆ ಹೋಗಬಾರದು. ಹಾಲು ಕೊಟ್ಟು, ತೇಗಿಸಿ ಆದ ಮೇಲೆ, ಅರ್ಧ ಮಿಲಿಲೀಟರ್ ಒಂದು ಕೆನ್ನೆಯೊಳಗೆ, ಅರ್ಧ ಇನ್ನೊಂದು ಕೆನ್ನೆಯೊಳಗೆ. ತೊಳೆದ ಬೆರಳಿನಿಂದ ಅಥವಾ ಹತ್ತಿ ಕಡ್ಡಿಯಿಂದ ವಸಡು, ತುಟಿಯ ಹಿಂಭಾಗ, ನಾಲಗೆಗೆಲ್ಲ ಸವರಿ. ಕಡ್ಡಿಯನ್ನು ಬಿಸಾಡಿ. ಆಮೇಲೆ ಇಪ್ಪತ್ತು ಮೂವತ್ತು ನಿಮಿಷ ಹಾಲು ಬೇಡ. ಬಿಳಿ ಪೂರ್ತಿ ಮಾಯವಾದ ಮೇಲೂ ಎರಡು ದಿನ ಮುಂದುವರಿಸಬೇಕು. ಮದ್ದು ಹಾಕಿದ ಮೂರನೇ ದಿನ ಬಾಯಿ ಶುದ್ಧವಾಗಿ ಕಾಣುವುದು ಅರ್ಧ ದಾರಿ ಅಷ್ಟೆ.

ಮೌತ್ ಪೇಂಟ್‌ಗೂ ಇದೇ ಕ್ರಮ, ಎಷ್ಟು ಹನಿ, ಎಷ್ಟು ಸಲ ಎಂಬುದು ಡಾಕ್ಟರ್ ಬರೆದಂತೆ. ಮೈಕೊನಜೋಲ್ ಬಾಯಿ ಜೆಲ್ ಚೆನ್ನಾಗಿ ಕೆಲಸ ಮಾಡುತ್ತದೆ, ಆದರೆ ಅದು ಅಂಟು ಅಂಟಾದ ಜೆಲ್, ನಾಲ್ಕು ತಿಂಗಳೊಳಗಿನ ಮಗುವಿಗೆ ಗಂಟಲಲ್ಲಿ ಸಿಕ್ಕಿ ಉಸಿರು ಕಟ್ಟುವ ಅಪಾಯವಿದೆ. ದೊಡ್ಡ ಮಗುವಿಗೂ ಚಮಚದಲ್ಲಿ ಕೊಡಬಾರದು. ಬೆರಳ ತುದಿಯಲ್ಲಿ ಸ್ವಲ್ಪ ಸ್ವಲ್ಪವೇ ಬಾಯಿಯ ಮುಂಭಾಗಕ್ಕೆ ಸವರಬೇಕು, ಗಂಟಲ ಕಡೆಗೆ ತಳ್ಳಬಾರದು. ಅದೇ ಕಾರಣಕ್ಕೆ ತಾಯಿಯ ತೊಟ್ಟಿಗೆ ಈ ಬಾಯಿ ಜೆಲ್ಲನ್ನು ಬಳಿದು ಮಗುವಿಗೆ ಚೀಪಿಸುವುದನ್ನೂ ನಾನು ಒಪ್ಪುವುದಿಲ್ಲ.

ತಾಯಿಗೆ ಮೈಕೊನಜೋಲ್ 2% ಕ್ರೀಮ್. ಪ್ರತಿ ಸಲ ಹಾಲು ಕೊಟ್ಟ ಮೇಲೆ ತೊಟ್ಟನ್ನು ಕುದಿಸಿ ಆರಿಸಿದ ನೀರಿನಿಂದ ಒರೆಸಿ, ಗಾಳಿಗೆ ಒಣಗಲು ಬಿಟ್ಟು, ಸಾಸಿವೆ ಎರಡು ಮೂರು ಕಾಳಿನಷ್ಟು ಕ್ರೀಮನ್ನು ತೊಟ್ಟಿಗೂ ಕಪ್ಪು ಭಾಗಕ್ಕೂ ತೆಳ್ಳಗೆ ಹಚ್ಚಬೇಕು. ಚರ್ಮ ಹೊಳೆದರೆ ಸಾಕು, ಬಿಳಿಯಾಗಿ ನಿಂತರೆ ಹೆಚ್ಚಾಯಿತು. ಮುಂದಿನ ಹಾಲಿನ ಹೊತ್ತಿಗೆ ಕಣ್ಣಿಗೆ ಕಾಣುವಷ್ಟು ಉಳಿದಿದ್ದರೆ ಮೆತ್ತನೆಯ ವಸ್ತ್ರದಿಂದ ಒತ್ತಿ ತೆಗೆಯಿರಿ. ಸೋಪು ಹಾಕಿ ತಿಕ್ಕಿದರೆ ಬಿರುಕು ದೊಡ್ಡದಾಗುತ್ತದೆ. ಎರಡು ಮೂರು ದಿನಗಳಲ್ಲಿ ಉರಿ ಕಡಿಮೆಯಾಗತೊಡಗಬೇಕು, ಪೂರ್ತಿ ಹೋಗಲು ಒಂದೆರಡು ವಾರ ಹಿಡಿಯಬಹುದು. ಹಚ್ಚಿದ ಕೂಡಲೇ ಉರಿ, ತುರಿಕೆ ಮೊದಲಿಗಿಂತ ಹೆಚ್ಚಾದರೆ ಅದು ಕ್ರೀಮಿನ ಅಲರ್ಜಿ ಇರಬಹುದು, ನಿಲ್ಲಿಸಿ ತೋರಿಸಿ. ವಾರ್ಫರಿನ್‌ನಂತಹ ರಕ್ತ ತೆಳುವಾಗಿಸುವ ಮಾತ್ರೆ ತೆಗೆದುಕೊಳ್ಳುವ ತಾಯಂದಿರು ಮೈಕೊನಜೋಲ್ ಮುಟ್ಟುವ ಮೊದಲೇ ಡಾಕ್ಟರಿಗೆ ಹೇಳಬೇಕು. ಎರಡೂ ಸೇರಿದರೆ ರಕ್ತಸ್ರಾವದ ಅಪಾಯ ಏರುತ್ತದೆ.

ಮೆಡಿಕಲ್‌ನಲ್ಲಿ 'ಫಂಗಸ್‌ಗೆ ಒಂದು ಕ್ರೀಮ್ ಕೊಡಿ' ಎಂದರೆ ಎಷ್ಟೋ ಕಡೆ ಕೈಗೆ ಬರುವುದು ಮೂರು ನಾಲ್ಕು ಮದ್ದು ಬೆರೆಸಿದ ಟ್ಯೂಬ್. ಹಿಂಬದಿಯ ಚಿಕ್ಕ ಅಕ್ಷರ ಓದಿ. ಕ್ಲೋಬೆಟಸಾಲ್, ಬೆಟಾಮೆಥಾಸೋನ್ ಎಂಬ ಹೆಸರಿದ್ದರೆ ಅದರಲ್ಲಿ ಪ್ರಬಲ ಸ್ಟೀರಾಯ್ಡ್ ಇದೆ. ಎರಡು ದಿನ ಉರಿ ಮಂಗಮಾಯವಾಗುತ್ತದೆ, ಅದಕ್ಕೇ ಜನ ನಂಬುತ್ತಾರೆ. ಆಮೇಲೆ ಚರ್ಮ ತೆಳುವಾಗಿ ಫಂಗಸ್ ಇನ್ನೂ ಹರಡುತ್ತದೆ, ಮಗುವಿನ ಬಾಯಿಗೂ ಸ್ಟೀರಾಯ್ಡ್ ಹೋಗುತ್ತದೆ. ಮಗುವಿನ ತೊಡೆಸಂದಿಗೆ ಅದನ್ನು ಹಚ್ಚಿ ಮೇಲೆ ಡೈಪರ್ ಕಟ್ಟಿದರೆ ಇನ್ನೂ ಕೆಟ್ಟದು, ಮುಚ್ಚಿದ ಜಾಗದಲ್ಲಿ ಸ್ಟೀರಾಯ್ಡ್ ಹೆಚ್ಚು ಒಳಗಿಳಿಯುತ್ತದೆ. ಡೈಪರ್ ಜಾಗಕ್ಕೆ ಬರಿಯ ಕ್ಲೋಟ್ರಿಮಜೋಲ್ ಅಥವಾ ಮೈಕೊನಜೋಲ್ ಸಾಕು. ದಿನದಲ್ಲಿ ಸಾಧ್ಯವಾದಷ್ಟು ಹೊತ್ತು ಬರಿಮೈಯಲ್ಲಿ ಬಿಡಿ, ಪೌಡರ್ ಬೇಡ.

ಕ್ರೀಮಿನಿಂದ ಬಗ್ಗದಿದ್ದರೆ ಡಾಕ್ಟರ್ ತಾಯಿಗೆ ಫ್ಲುಕೊನಜೋಲ್ ಮಾತ್ರೆ ಕೊಡಬಹುದು. ಯೋನಿಯಿಂದ ಬಿಳಿ ಹೋಗುವ ತೊಂದರೆಗೆ ಕೊಡುವ 150 ಮಿಲಿಗ್ರಾಂನ ಒಂದೇ ಮಾತ್ರೆ ಮೊಲೆಯ ಥ್ರಷ್‌ಗೆ ಸಾಲದು. ಮೊದಲ ದಿನ ಹೆಚ್ಚು, ಆಮೇಲೆ ದಿನಕ್ಕೊಂದರಂತೆ ಹತ್ತು ಹದಿನಾಲ್ಕು ದಿನ ನುಂಗುವ ಕ್ರಮ ಅದು. ಸ್ವಂತವಾಗಿ ತರಿಸಿ ನುಂಗುವ ಮದ್ದೇ ಅಲ್ಲ. ಇದು ಹಾಲಿಗೆ ಇಳಿಯುತ್ತದೆ, ಆದರೆ ಆ ಪ್ರಮಾಣ ಮಗುವಿನ ಬಾಯಿ ಗುಣಮಾಡಲು ಸಾಕಾಗುವುದಿಲ್ಲ, ಮಗುವಿನ ಹನಿ ಬೇರೆಯಾಗಿ ನಡೆಯಲೇಬೇಕು. ಇಲ್ಲಿ ನಾನು ತಪ್ಪದೆ ಕೇಳುವ ಪ್ರಶ್ನೆ: ಹಾಲು ಹೆಚ್ಚಾಗಲು ಡೊಂಪೆರಿಡೋನ್ ತೆಗೆದುಕೊಳ್ಳುತ್ತಿದ್ದೀರಾ? ಗ್ಯಾಸಿಗೆಂದು ಬರೆಯುವ ಪ್ಯಾಂಟೊಪ್ರಜೋಲ್ ಜೊತೆಗಿನ ಕ್ಯಾಪ್ಸೂಲ್‌ನಲ್ಲೂ ಎಷ್ಟೋ ಸಲ ಡೊಂಪೆರಿಡೋನ್ ಸೇರಿರುತ್ತದೆ. ಫ್ಲುಕೊನಜೋಲ್ ಜೊತೆ ಅದು ಸೇರಿದರೆ ಹೃದಯದ ಬಡಿತದ ಲಯ ತಪ್ಪುವ ಅಪಾಯವಿದೆ, ಎರಡನ್ನೂ ಒಟ್ಟಿಗೆ ನುಂಗಬಾರದು. ಬರೆದುಕೊಡುವ ಡಾಕ್ಟರಿಗೆ ಮನೆಯಲ್ಲಿರುವ ಎಲ್ಲ ಮಾತ್ರೆಗಳ ಪಟ್ಟಿಗಳನ್ನೂ ತೋರಿಸಿ.

ನೇರಳೆ ಮದ್ದು, ಅಂದರೆ ಜೆನ್ಷಿಯನ್ ವಯಲೆಟ್, ಹಿಂದಿನಿಂದ ಬಂದದ್ದು. ಅಗ್ಗ, ಫಂಗಸ್ ಸಾಯುತ್ತದೆ. ಆದರೆ ನೀರು ಬೆರೆಸದ ಗಟ್ಟಿ ದ್ರಾವಣ ಹಚ್ಚಿದರೆ ಬಾಯಲ್ಲಿ ಹುಣ್ಣೇ ಆಗುತ್ತದೆ. ಮಕ್ಕಳ ಬಾಯಿಗೆ ಹೇಳಿರುವುದು 0.25%, ಅದೂ ಕೆಲವೇ ದಿನ. 2019ರಲ್ಲಿ ಕೆನಡಾದ ಆರೋಗ್ಯ ಇಲಾಖೆ ಪ್ರಾಣಿಗಳ ಮೇಲಿನ ಅಧ್ಯಯನಗಳನ್ನು ನೋಡಿ ಕ್ಯಾನ್ಸರ್ ಸಾಧ್ಯತೆಯ ಎಚ್ಚರಿಕೆ ಕೊಟ್ಟಿತು. ಬೇರೆ ಮದ್ದು ಸಿಗುವ ಊರಿನಲ್ಲಿ ನಾನು ಇದನ್ನು ಹೇಳುವುದಿಲ್ಲ.

ಮನೆಮದ್ದಿನ ವಿಷಯದಲ್ಲಿ ಅತ್ತೆ, ಅಜ್ಜಿಯರ ಮನಸ್ಸು ನೋಯಿಸದೆ, ಆದರೆ ಗಟ್ಟಿಯಾಗಿಯೇ ಹೇಳಬೇಕಾದ ಎರಡು ಸಂಗತಿ ಇವೆ. ಬಾಯಿಗೆ ಜೇನು ಸವರಬಾರದು. ಒಂದು ವರ್ಷದೊಳಗಿನ ಮಗುವಿಗೆ ಜೇನಿನಿಂದ ಬಾಟುಲಿಸಂ ಬರುವ ಅಪಾಯವಿದೆ, ಅದು ಸ್ನಾಯುಗಳನ್ನೇ ಸೋಲಿಸುವ ವಿಷ. ಬಿಳಿಗಾರ, ಅಂದರೆ ಬೋರಾಕ್ಸ್, ಗ್ಲಿಸರಿನ್ ಜೊತೆಗಾಗಲಿ ಜೇನಿನ ಜೊತೆಗಾಗಲಿ ಬೇಡವೇ ಬೇಡ, ಎಳೆ ಮಗುವಿಗೆ ಅದು ನಂಜು. ಬಜೆ ತೇದು ನೆಕ್ಕಿಸುವ ಕಲ್ಲನ್ನೂ ಈ ದಿನಗಳಲ್ಲಿ ಎತ್ತಿಡಿ. ತಾಯಿಯ ತೊಟ್ಟಿಗೆ ತೆಂಗಿನೆಣ್ಣೆ ಹಚ್ಚುವುದರಿಂದ ಬಿರುಕಿಗೆ ಸ್ವಲ್ಪ ಹಿತ ಎನಿಸಬಹುದು, ಅದನ್ನು ಫಂಗಸ್ ಮದ್ದೆಂದು ಲೆಕ್ಕ ಹಿಡಿಯಬೇಡಿ. ಬಾಣಂತಿಗೆ ಕೊಡುವ ಬೆಲ್ಲ, ಲೇಹ ನಿಲ್ಲಿಸಿದರೆ ಥ್ರಷ್ ಹೋಗುತ್ತದೆ ಎಂಬುದಕ್ಕೆ ಆಧಾರವಿಲ್ಲ. ಬಸಿರಿನಲ್ಲಿ ಸಕ್ಕರೆ ಇದ್ದವರು ಮಾತ್ರ ರಕ್ತ ಪರೀಕ್ಷೆ ಮಾಡಿಸಿ ಅದಕ್ಕೆ ತಕ್ಕಂತೆ ಉಣ್ಣಬೇಕು.

ಇನ್ನು ವಸ್ತ್ರದ ಮಾತು. ಬ್ರಾ, ಹಾಲು ಹೀರುವ ಪ್ಯಾಡ್, ಮಗುವಿನ ಬಾಯಿ ಒರೆಸುವ ವಸ್ತ್ರ, ಲಂಗೋಟಿ, ತಾಯಿಯ ಬೈರಾಸು, ಇವಿಷ್ಟನ್ನು ದಿನವೂ ಬದಲಿಸಿ, ಹಂಡೆಯಲ್ಲಿ ಕುದಿಯುವ ನೀರು ತೆಗೆದು ಅದರಲ್ಲಿ ಹಾಕಿ ಒಗೆಯಿರಿ. ವಾಷಿಂಗ್ ಮೆಷಿನ್ ಆದರೆ 60 ಡಿಗ್ರಿ. ಮಳೆಗಾಲದಲ್ಲಿ ಬಚ್ಚಲ ಒಲೆಯ ಮೇಲಿನ ಹಗ್ಗದಲ್ಲಿ ಹರವುವ ಹಳೆಯ ಪದ್ಧತಿ ಒಳ್ಳೆಯದೇ, ಆದರೆ ಮಡಿಕೆಯೊಳಗೆ ತಂಪು ಉಳಿಯುತ್ತದೆ. ಮುಟ್ಟಿದರೆ ಒಣಗಿದಂತಿರುತ್ತದೆ, ಕೆನ್ನೆಗೆ ಒತ್ತಿಕೊಂಡರೆ ತಂಪು ಗೊತ್ತಾಗುತ್ತದೆ. ಅಂಥದ್ದಕ್ಕೆ ಬಿಸಿ ಇಸ್ತ್ರಿ ಹಾಕಿ, ಹೊಲಿಗೆಯ ಅಂಚು, ಬ್ರಾದ ಪಟ್ಟಿಗಳ ಮೇಲೂ ಎಳೆಯಿರಿ. ಪ್ಲಾಸ್ಟಿಕ್ ಪದರವಿರುವ ಪ್ಯಾಡ್ ಬೇಡ. ಹತ್ತಿ ಪ್ಯಾಡ್ ಚಂಡಿಯಾದ ಕೂಡಲೇ ತೆಗೆಯಬೇಕು. ಹಾಲು ಕೊಟ್ಟ ಮೇಲೆ ಐದು ಹತ್ತು ನಿಮಿಷ ಎದೆಗೆ ಗಾಳಿ ತಾಗಲಿ. ಬಾಣಂತಿಗೆ ಗಾಳಿ ತಾಗಬಾರದು ಎನ್ನುವ ಮನೆಯಲ್ಲಿ ಬಾಗಿಲು ಹಾಕಿಕೊಂಡು, ಫ್ಯಾನನ್ನು ನಿಧಾನವಾಗಿ ಇಟ್ಟುಕೊಂಡರೂ ನಡೆಯುತ್ತದೆ. ಡೈಪರ್ ಬದಲಿಸಿದ ಮೇಲೆ, ತಾನು ಶೌಚಕ್ಕೆ ಹೋಗಿ ಬಂದ ಮೇಲೆ, ಮದ್ದು ಹಚ್ಚುವ ಮೊದಲು ಮತ್ತು ನಂತರ ಕೈ ತೊಳೆಯುವುದನ್ನು ಬಿಡಬೇಡಿ. ತಾಯಿಗೆ ಕೆಳಗೆ ತುರಿಕೆ, ಬಿಳಿ ಹೋಗುವುದು ಇದ್ದರೆ ಅದಕ್ಕೂ ಇದೇ ವೇಳೆ ಚಿಕಿತ್ಸೆ ಬೇಕು.

ನೋವಿರುವ ದಿನಗಳಲ್ಲಿ ಕಡಿಮೆ ನೋಯುವ ಕಡೆಯಿಂದ ಶುರುಮಾಡಿ, ಹಾಲು ಇಳಿಯತೊಡಗಿದ ಮೇಲೆ ಇನ್ನೊಂದು ಕಡೆಗೆ ಬದಲಿಸಿ. ಬಿಡಿಸುವಾಗ ಎಳೆಯಬೇಡಿ. ಶುದ್ಧವಾದ ಕಿರುಬೆರಳನ್ನು ಬಾಯಿಯ ಮೂಲೆಯಿಂದ ಒಳಗೆ ಹಾಕಿ ಹಿಡಿತ ಬಿಡಿಸಿ. ಪ್ಯಾರಾಸಿಟಮಾಲ್ ಹಾಲೂಡಿಸುವವರಿಗೆ ಆಗುತ್ತದೆ. ಐಬುಪ್ರೊಫೇನ್ ಕೂಡ ಆಗುತ್ತದೆ, ಊಟದ ಮೇಲೆ, ಅಸ್ತಮಾ ಅಥವಾ ಹೊಟ್ಟೆಯ ಹುಣ್ಣು ಇಲ್ಲದಿದ್ದರೆ. ಮಗುವನ್ನು ಹಿಡಿಯಲೇ ಆಗುವುದಿಲ್ಲ ಎನ್ನುವಷ್ಟು ನೋವಾದರೆ ಒಂದೆರಡು ಸಲ ಕೈಯಿಂದ ಹಿಂಡಿ ಒಳಲೆಯಲ್ಲಿ ಕುಡಿಸಿ. ಬಾಟಲಿಗಿಂತ ಒಳಲೆ ಮೇಲು: ಕುದಿಸುವುದು ಸುಲಭ, ರಬ್ಬರ್ ನಿಪ್ಪಲ್‌ನ ಗೊಂದಲವಿಲ್ಲ. ಹಿಂಡದೆ ಬಿಟ್ಟರೆ ಹಾಲು ಕಟ್ಟಿ ಇನ್ನೊಂದು ತೊಂದರೆ ಹುಟ್ಟುತ್ತದೆ. ಪಂಪ್ ಇದ್ದರೆ ಹಾಲು ತಾಗುವ ಪ್ರತಿ ಭಾಗ, ನಿಪ್ಪಲ್, ಮಗು ಬಾಯಿಗಿಡುವ ಆಟಿಕೆ ದಿನಕ್ಕೊಮ್ಮೆ ಇಪ್ಪತ್ತು ನಿಮಿಷ ಕುದಿಯಬೇಕು.

ಒಂದು ವಾರ ಕ್ರಮವಾಗಿ ಮಾಡಿಯೂ ಬದಲಾವಣೆ ಇಲ್ಲದಿದ್ದರೆ ಇನ್ನೊಂದು ಟ್ಯೂಬ್ ತರಿಸುವುದಲ್ಲ, ರೋಗವೇ ಬೇರೆಯಿರಬಹುದೆಂದು ಮತ್ತೆ ಮೊದಲಿನಿಂದ ನೋಡಬೇಕು. ತೊಟ್ಟಿನ ಸ್ವಾಬ್ ತೆಗೆದು ಲ್ಯಾಬಿಗೆ ಕಳಿಸಿದರೆ ಫಂಗಸ್ಸೋ, ಬ್ಯಾಕ್ಟೀರಿಯಾವೋ ತಿಳಿಯುತ್ತದೆ. ಬಿರುಕಿನಲ್ಲಿ ಹಳದಿ ಹೊಪ್ಪಳೆ, ಕೀವು ಇದ್ದರೆ ಬ್ಯಾಕ್ಟೀರಿಯಾದ ಸಾಧ್ಯತೆಯೇ ಹೆಚ್ಚು. ಮಗು ಹಾಲು ಕುಡಿಯುವುದನ್ನು ಬಿಟ್ಟರೆ, ಇಡೀ ದಿನದಲ್ಲಿ ಆರಕ್ಕಿಂತ ಕಡಿಮೆ ಸಲ ಮೂತ್ರ ಮಾಡಿದರೆ, ಜ್ವರ ಬಂದರೆ, ಮಂಕಾಗಿ ಮಲಗಿದ್ದರೆ ಕಾಯಬೇಡಿ, ಅದೇ ಗಳಿಗೆ ಆಸ್ಪತ್ರೆಗೆ. ದಿನ ತುಂಬದೆ ಹುಟ್ಟಿದ, ತೂಕ ಕಡಿಮೆ ಇರುವ ಮಗುವಿಗೆ ಬಾಯಲ್ಲಿ ಬಿಳಿ ಕಂಡ ದಿನವೇ ತೋರಿಸಬೇಕು. ಮದ್ದು ಸರಿಯಾಗಿ ಮುಗಿಸಿಯೂ ತಿಂಗಳು ತಿಂಗಳು ಮರಳಿ ಬರುತ್ತಿದ್ದರೆ ತಾಯಿಯ ಸಕ್ಕರೆ, ರಕ್ತಹೀನತೆ, ಮಗುವಿನ ರೋಗನಿರೋಧಕ ಶಕ್ತಿ, ಎಲ್ಲದರ ಪರೀಕ್ಷೆ ಆಗಬೇಕು.

ಕೆಲಸಕ್ಕೆ ಮರಳುವವರು ಕೇಳುವ ಪ್ರಶ್ನೆ ಒಂದಿದೆ: ಥ್ರಷ್ ಇದ್ದಾಗ ಹಿಂಡಿದ ಹಾಲು ಚೆಲ್ಲಬೇಕೇ? ಬೇಡ. ಆ ಹಾಲನ್ನು ಅದೇ ದಿನ, ಮದ್ದು ನಡೆಯುತ್ತಿರುವಾಗಲೇ ಮಗುವಿಗೆ ಕೊಡಿ. ಫ್ರೀಜರ್‌ನಲ್ಲಿ ಕೂಡಿಡಬೇಡಿ, ಏಕೆಂದರೆ ಹಾಲು ಗಡ್ಡೆಕಟ್ಟಿದರೂ ಕ್ಯಾಂಡಿಡಾ ಸಾಯುವುದಿಲ್ಲ. ಗುಣವಾದ ಮೇಲೆ ಹಿಂಡಿದ್ದನ್ನು ಬಾಟಲಿಯ ಮೇಲೆ ತಾರೀಕು ಬರೆದು ಇಡಲು ಶುರುಮಾಡಿ.